ಕಿವಿ ಕೊಟ್ಟೆವೆಂಬ ಮಾತು

ಕಳೆದ ಮಾರ್ಗಶಿರದಲ್ಲಿ, ಷಷ್ಠಿಯ ತೇರಿನ ಗಲಭೆಯು ಅಡಗಿದ ಮೇಲೆ, ರಾಮನಾಥಪುರದಲ್ಲಿ ಸ್ನೇಹಿತರೊಬ್ಬರ ಮನೆಯ ಜಗುಲಿಯಲ್ಲಿ ನಾವು ನಾಲ್ಕೈದು ಮಂದಿ ಕುಳಿತಿದ್ದೆವು. ಹುಟ್ಟುಕಿವುಡಾದ ಮಗುವೊಂದಕ್ಕೆ ಶಸ್ತ್ರಚಿಕಿತ್ಸೆ ನಡೆದು "ಕಿವಿ ಬಂದಿತು" ಎಂಬ ವರ್ತಮಾನವು ಅಂದಿನ ಪತ್ರಿಕೆಯಲ್ಲಿ ಪ್ರಕಟವಾಗಿದ್ದಿತು. ಅದನ್ನು ಓದಿ ಹೇಳಿದ ಮಹನೀಯರೊಬ್ಬರು, ವಿದ್ಯಾವಂತರು, ಸಭೆಗಳಲ್ಲಿ ಮಾತನಾಡಿ ಅಭ್ಯಾಸವುಳ್ಳವರು, ಕಿವುಡುತನವೆಂಬುದು ಇನ್ನು ಮುಗಿದ ಕಥೆಯೆಂದರು. ಸರ್ಕಾರವು ಹಣವನ್ನು ಕೊಡುವುದು, ವೈದ್ಯರು ಯಂತ್ರವನ್ನಿಡುವರು, ಮಗುವು ಕೇಳುವುದು. ಇಷ್ಟಾದ ಮೇಲೂ ಮಾತು ಬಾರದಿದ್ದರೆ ಅದು ತಾಯಿತಂದೆಗಳ ಆಲಸ್ಯವೇ ಹೊರತು ಬೇರೆಯಲ್ಲವೆಂದರು. ಇದರ ಮೇಲೆ ಇನ್ನೊಂದು ಸಲಹೆಯನ್ನೂ ಕೊಟ್ಟರು: ಇಂಥ ಮಕ್ಕಳೊಡನೆ ಕನ್ನಡವನ್ನಾಡುವುದನ್ನು ಬಿಟ್ಟು ಇಂಗ್ಲಿಷನ್ನೇ ಆಡತಕ್ಕದ್ದು, ಅದರಲ್ಲಿ ಅಕ್ಷರಗಳು ಇಪ್ಪತ್ತಾರೇ ಆದುದರಿಂದ ಯಂತ್ರಕ್ಕೂ ಸುಲಭ, ಮಗುವಿಗೂ ಸುಲಭ.

ಆ ಮನೆಯಲ್ಲಿಯೇ ಅಂಥ ಮಗುವೊಂದುಂಟು. ನನ್ನ ಸ್ನೇಹಿತರ ಮೊಮ್ಮಗಳು. ಇದು ಆ ಮಹನೀಯರಿಗೆ ತಿಳಿದೇ ಇದ್ದಿತು. ಮನೆಯವರಿಗೆ ಸಮಾಧಾನವನ್ನು ಹೇಳುತ್ತಿರುವೆನೆಂದೇ ಅವರ ಭಾವನೆ. ಕಾಫಿಯ ಲೋಟಗಳನ್ನು ತೆಗೆದುಕೊಂಡುಹೋಗಲು ಬಂದಿದ್ದ ಆ ಮಗುವಿನ ತಾಯಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿ, ಏನೂ ಹೇಳದೆ ಒಳಗೆ ಹೋದರು. ಅತಿಥಿಯೊಡನೆ ವಾದಕ್ಕೆ ನಿಲ್ಲುವುದು ಉಚಿತವಲ್ಲವೆಂದು ನಾನೂ ಸುಮ್ಮನಿದ್ದೆನು. ಸುಮ್ಮನಿದ್ದುದು ತಪ್ಪಾಯಿತೆಂದು ಅಂದಿನಿಂದಲೂ ನನ್ನ ಮನಸ್ಸು ಕೊರೆಯುತ್ತಿರುವುದರಿಂದ, ಅಂದು ಆಡಬೇಕಾಗಿದ್ದ ಮಾತನ್ನು ಇಂದು ಈ ಪತ್ರಿಕೆಯಲ್ಲಿ ಆಡುತ್ತಿದ್ದೇನೆ. ಮಹನೀಯರು ಇದರ ವಾಚಕರೇ ಆಗಿರುವರು, ಕ್ಷಮಿಸಬೇಕು.

ಮೊದಲು ಯಂತ್ರದ ವಿಷಯ. ಕಾಕ್ಲಿಯರ್ ಇಂಪ್ಲಾಂಟ್ ಎಂದು ಅದರ ಹೆಸರು. ಮೈಸೂರಿಗೆ ಹೋಗಿಬಂದ ಹಳ್ಳಿಯವರೂ ಈ ಹೆಸರನ್ನೇ ಹೇಳುವುದರಿಂದ ನಾನು ಹೊಸ ಸಂಸ್ಕೃತ ಪದವೊಂದನ್ನು ಕಟ್ಟಲು ಹೋಗುವುದಿಲ್ಲ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ ಎಲುಬಿನ ಗೂಡೊಂದಿದೆ. ಅದರೊಳಗೆ ರೋಮದಂಥ ತುದಿಯುಳ್ಳ ಸೂಕ್ಷ್ಮಕೋಶಗಳು ಸುಮಾರು ೧೫,೦೦೦ ಇರುವುವು. ಅಲ್ಲಿಂದ ಮಿದುಳಿಗೆ ಹೋಗುವ ನರದ ಎಳೆಗಳು ಸುಮಾರು ೩೦,೦೦೦. ಗೂಡಿನ ಬಾಯಿಯ ಬಳಿಯ ಕೋಶಗಳು ತಾರಸ್ವರಕ್ಕೂ ಒಳತುದಿಯಲ್ಲಿರುವುವು ಮಂದ್ರಕ್ಕೂ ಮಿಡಿಯುವುವು. ಹುಟ್ಟುಕಿವುಡರಾದ ಹೆಚ್ಚು ಮಂದಿಯಲ್ಲಿ ಕೆಟ್ಟಿರುವುದು ಈ ಕೋಶಗಳು. ನರವು ಜೀವಂತವಾಗಿಯೇ ಇರುವುದು. ಸಾಮಾನ್ಯವಾದ ಶ್ರವಣಯಂತ್ರವು ಸದ್ದನ್ನು ದೊಡ್ಡದು ಮಾಡುವುದಷ್ಟೆ. ಕೋಶಗಳೇ ಇಲ್ಲದ ಕಡೆ ಸದ್ದು ಎಷ್ಟು ದೊಡ್ಡದಾದರೂ ವ್ಯರ್ಥ. ಇಂಪ್ಲಾಂಟ್ ಎಂಬುದು ಆ ಕೋಶಗಳನ್ನು ದಾಟಿ ನೇರವಾಗಿ ನರವನ್ನೇ ವಿದ್ಯುತ್ತಿನಿಂದ ಮುಟ್ಟುವುದು. ಕಿವಿಯ ಹಿಂದೆ ಸಿಕ್ಕಿಸಿದ ಪೆಟ್ಟಿಗೆಯು ಸದ್ದನ್ನು ಹಿಡಿದು, ಸ್ಥಾಯಿಗೆ ತಕ್ಕಂತೆ ಪಾಲುಮಾಡಿ, ಆಯಸ್ಕಾಂತದಿಂದ ತಲೆಗೆ ಅಂಟಿಕೊಂಡ ಬಿಲ್ಲೆಯ ಮೂಲಕ ಚರ್ಮದ ಒಳಕ್ಕೆ ದಾಟಿಸುವುದು. ಚರ್ಮದ ಅಡಿಯಲ್ಲಿರುವ ಭಾಗದಿಂದ ಕೂದಲಿನಂಥ ತಂತಿಯೊಂದು ಆ ಗೂಡಿನೊಳಗೆ ಹೋಗಿರುವುದು. ಅದರ ಮೇಲೆ ಹನ್ನೆರಡರಿಂದ ಇಪ್ಪತ್ತೆರಡರವರೆಗೆ ವಿದ್ಯುತ್ ಬಿಂದುಗಳು, ಎಂದರೆ ಎಲೆಕ್ಟ್ರೋಡುಗಳು, ಇರುವುವು.

ಕಿವಿಗೆ ವಿದ್ಯುತ್ತನ್ನು ಹಾಯಿಸಿದ ಕಥೆಯು ಹಳೆಯದು. ಬ್ಯಾಟರಿಯನ್ನು ಕಂಡುಹಿಡಿದ ಇಟಲಿಯ ವೋಲ್ಟಾ ತನ್ನ ಎರಡು ಕಿವಿಗಳಿಗೂ ಸರಳುಗಳನ್ನಿಟ್ಟುಕೊಂಡು ನೋಡಿ, ತಲೆಗೆ ಪೆಟ್ಟುಬಿದ್ದಂತಾಗಿ ಗಟ್ಟಿಯಾದ ದ್ರವವು ಕುದಿಯುವಂಥ ಸದ್ದು ಕೇಳಿಸಿತೆಂದು ೧೮೦೦ರಲ್ಲಿ ಬರೆದನು. ರಾಗಿಹಿಟ್ಟು ಎಸರಿನಲ್ಲಿ ಕೊತಕೊತನೆ ಕುದಿಯುವುದನ್ನು ಬಲ್ಲ ನಮಗೆ ಆ ವರ್ಣನೆಯು ಅರ್ಥವಾಗದೆ ಇರದು. ೧೯೫೭ರಲ್ಲಿ ಪ್ಯಾರಿಸಿನಲ್ಲಿ ಜೂರ್ನೋ ಮತ್ತು ಏರಿಯೆಸ್ ಎಂಬಿಬ್ಬರು ಕಿವುಡನೊಬ್ಬನ ನರಕ್ಕೆ ತಂತಿಯನ್ನಿಟ್ಟಾಗ ಆತನಿಗೆ ಕೇಳಿಸಿದುದು ಜೀರುಂಡೆಯ ದನಿಯಂಥ ಸದ್ದು. ಆಮೇಲೆ ಅಮೆರಿಕದಲ್ಲಿ ಹೌಸ್ ಎಂಬ ವೈದ್ಯನು ೧೯೬೧ರಿಂದ ಒಂದೇ ಬಿಂದುವಿನ ಯಂತ್ರದಲ್ಲಿ ಶ್ರಮಪಟ್ಟನು. ೧೯೭೭ರಲ್ಲಿ ವಿಯೆನ್ನಾದಲ್ಲಿ ಹೋಕ್‌ಮೇರ್ ದಂಪತಿಗಳೂ ೧೯೭೮ರಲ್ಲಿ ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕನೂ ಹಲವು ಬಿಂದುಗಳ ಯಂತ್ರವನ್ನು ಮನುಷ್ಯನಿಗಿಟ್ಟರು. ಕ್ಲಾರ್ಕನ ತಂದೆಗೆ ಕಿವಿ ಮಂದವಾಗಿದ್ದಿತು. ಔಷಧದ ಅಂಗಡಿಯಲ್ಲಿ ಗಿರಾಕಿಗಳ ಮಾತು ಕೇಳಿಸದೆ ತಂದೆಯು ಪಡುತ್ತಿದ್ದ ಸಂಕೋಚವನ್ನು ನೋಡಿ ಬೆಳೆದವನು ಆತನು. ಮಾತಿನ ಸದ್ದನ್ನು ಬಿಂದುಗಳಿಗೆ ಹಂಚುವ ಉತ್ತಮವಾದ ಕ್ರಮವನ್ನು ಬ್ಲೇಕ್ ವಿಲ್ಸನ್ ೧೯೯೧ರಲ್ಲಿ ಪ್ರಕಟಿಸಿದನು. ಕ್ಲಾರ್ಕ್, ಇಂಗೆಬೋರ್ಗ್ ಹೋಕ್‌ಮೇರ್, ವಿಲ್ಸನ್ ಈ ಮೂವರಿಗೂ ೨೦೧೩ರಲ್ಲಿ ಲಾಸ್ಕರ್ ಬಹುಮಾನವು ಬಂದಿತು. ಬರಲೇಬೇಕಾಗಿದ್ದಿತು. ಇವರ ಸಾಧನೆಯನ್ನು ಕೀಳುಮಾಡುವುದು ನನ್ನ ಉದ್ದೇಶವೆಂದು ಯಾರೂ ತಿಳಿಯಬಾರದು. ಮನುಷ್ಯನು ಕಳೆದುಕೊಂಡ ಇಂದ್ರಿಯವೊಂದರ ಕೆಲಸವನ್ನು ಯಂತ್ರದಿಂದ ಇಷ್ಟು ಮಟ್ಟಿಗೆ ಮಾಡಿಸಿದುದು ಇದೊಂದೇ.

ಆದರೆ "ಇಷ್ಟು ಮಟ್ಟಿಗೆ" ಎಂಬುದು ಎಷ್ಟು ಮಟ್ಟಿಗೆ? ನನ್ನ ಜಗಳವಿರುವುದು ಇಲ್ಲಿಯೇ. ಮೂವತ್ತು ಸಾವಿರ ಎಳೆಗಳು ಮಾಡುವ ಕೆಲಸವನ್ನು ಇಪ್ಪತ್ತೆರಡು ಬಿಂದುಗಳು ಮಾಡಬೇಕು. ಸಂಗೀತಪ್ರಿಯರಾದ ನನ್ನ ಬಂಧುಗಳೊಬ್ಬರು ಈ ಸಂಖ್ಯೆಯನ್ನು ಕೇಳಿ, ಶ್ರುತಿಗಳೂ ಇಪ್ಪತ್ತೆರಡೇ ಅಲ್ಲವೇ, ನಮ್ಮ ಪೂರ್ವಿಕರು ಇದನ್ನೆಲ್ಲ ಮೊದಲೇ ಬಲ್ಲವರಾಗಿದ್ದರೆಂದು ಹಿಗ್ಗಿದರು. ಸಂಖ್ಯೆಯು ಒಂದಾಗಿರುವುದಲ್ಲದೆ ಅದರಲ್ಲಿ ಬೇರೆ ಏನೂ ಇಲ್ಲ. ಒಳಗಿವಿಯಲ್ಲಿರುವುದು ಉಪ್ಪುನೀರಿನಂಥ ದ್ರವ. ಒಂದು ಬಿಂದುವಿನಲ್ಲಿ ಬಿಟ್ಟ ವಿದ್ಯುತ್ತು ಅಲ್ಲಿಯೇ ನಿಲ್ಲದೆ ಅಕ್ಕಪಕ್ಕದ ಎಳೆಗಳಿಗೂ ಹರಡುವುದು. ಆದುದರಿಂದ ಬಿಂದುಗಳು ಇಪ್ಪತ್ತೆರಡಾದರೂ ಅವು ಬೇರೆಬೇರೆಯಾಗಿ ಕೊಡಬಲ್ಲ ದಾರಿಗಳು ಎಂಟರ ಆಸುಪಾಸಿನಲ್ಲಿಯೇ ನಿಂತುಹೋಗುವುವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಎಂಟೇ ಮನೆಗಳ ಹಾರ್ಮೋನಿಯಮ್ಮಿನಲ್ಲಿ, ಅದೂ ಒಂದನ್ನು ಒತ್ತಿದರೆ ಪಕ್ಕದ್ದೂ ಸ್ವಲ್ಪ ಕೂಗುವಂಥದರಲ್ಲಿ, ತೋಡಿಯನ್ನು ನುಡಿಸಬೇಕೆಂದರೆ ಹೇಗೋ ಹಾಗೆ.

ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರಾಮನಾಥಪುರದ ಪಕ್ಕದಲ್ಲಿಯೇ, ಇದೇ ಕಾವೇರಿಯ ದಡದ ಮೇಲೆ, ರುದ್ರಪಟ್ಟಣವಿದೆ; ೧೯೨೦ರಲ್ಲಿ ಆರ್. ಕೆ. ಶ್ರೀಕಂಠನ್ ಅವರು ಹುಟ್ಟಿದ ಊರು, ಮನೆಮನೆಯಲ್ಲಿಯೂ ಹಾಡುವವರಿದ್ದ ಊರು. ಆ ಊರಿನ ಕಚೇರಿಗೆ ಇಂಪ್ಲಾಂಟ್ ಇರುವವರೊಬ್ಬರನ್ನು ಕರೆದುಕೊಂಡುಹೋದರೆ ಅವರು ತಾಳವನ್ನು ತಪ್ಪದೆ ಹಾಕಬಲ್ಲರು. ಮೃದಂಗದ ನಡೆಯು ಅವರಿಗೆ ಸಿಕ್ಕುವುದು. ರಾಗವು ಸಿಕ್ಕುವುದು ಬಹು ಕಷ್ಟ. ಕಾಲದ ಏರಿಳಿತವನ್ನು ಯಂತ್ರವು ಚೆನ್ನಾಗಿ ಒಪ್ಪಿಸುವುದು. ಸ್ಥಾಯಿಯ ಸೂಕ್ಷ್ಮವನ್ನು ಒಪ್ಪಿಸಲಾರದು. ದೇಶದೇಶಗಳ ಪರೀಕ್ಷೆಗಳಲ್ಲೆಲ್ಲ ಮತ್ತೆ ಮತ್ತೆ ಕಂಡುಬಂದಿರುವುದು ಈ ಎರಡು ಮಾತುಗಳೇ.

ಮಾತು ಅವರಿಗೆ ಹೇಗೆ ಕೇಳಿಸುವುದು? ಹುಟ್ಟುಕಿವುಡರನ್ನು ಕೇಳಿ ಪ್ರಯೋಜನವಿಲ್ಲ. ಅವರಿಗೆ ಹೋಲಿಸಲು ಬೇರೆ ಸದ್ದಿಲ್ಲ. ದೊಡ್ಡವರಾದ ಮೇಲೆ ಕಿವಿ ಕಳೆದುಕೊಂಡು ಯಂತ್ರವನ್ನಿಡಿಸಿಕೊಂಡವರು, ಮೊದಮೊದಲು ಎಲ್ಲರ ದನಿಯೂ ಯಂತ್ರದ ಗೊಂಬೆಯ ದನಿಯಂತೆ, ಕೀಚಲಾಗಿ, ಹೆಂಗಸರು ಗಂಡಸರೆಂಬ ಭೇದವಿಲ್ಲದೆ ಕೇಳಿಸಿತೆಂದು ಹೇಳುವರು. ತಿಂಗಳುಗಳು ಕಳೆದಂತೆ ಅದೇ ದನಿಯು ಮನುಷ್ಯರ ದನಿಯಾಗುತ್ತ ಬರುವುದು. ಈಚೆಗೆ ಒಂದು ಕಿವಿಯು ಸರಿಯಿದ್ದು ಇನ್ನೊಂದು ಮಾತ್ರ ಕಿವುಡಾದವರಿಗೂ ಯಂತ್ರವನ್ನಿಡುವ ರೂಢಿಯುಂಟಾಗಿರುವುದರಿಂದ, ಅರಿಜೋನಾದ ವಿದ್ವಾಂಸರು ಅಂಥವರನ್ನು ಕೂರಿಸಿ, ಒಳ್ಳೆಯ ಕಿವಿಗೆ ಬಗೆಬಗೆಯಾಗಿ ಕೆಡಿಸಿದ ಮಾತನ್ನು ಕೇಳಿಸಿ, ಯಂತ್ರದ ಕಿವಿಯಲ್ಲಿ ಕೇಳುವುದಕ್ಕೆ ಯಾವುದು ಹೋಲುವುದೆಂದು ವಿಚಾರಿಸಿದರು. ಕೆಲವರಿಗೆ ಅದು ಗೋಡೆಯಾಚೆಯ ಮಾತಿನಂತೆ ಮಬ್ಬು. ಕೆಲವರಿಗೆ ಸ್ಥಾಯಿಯು ಮೇಲಕ್ಕೆ ಸರಿದಂತೆ. ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿಲ್ಲ.

ಇನ್ನು ನಮ್ಮ ಮಹನೀಯರಂಥವರು ಆಧಾರವಾಗಿ ಹಿಡಿಯಬಹುದಾದ ಪರೀಕ್ಷೆಯೊಂದಿದೆ. ಅದನ್ನು ನಾನೇ ಎತ್ತಿ ಹೇಳುವೆನು. ೧೯೯೫ರಲ್ಲಿ ಲಾಸ್ ಏಂಜಲೀಸಿನ ಷ್ಯಾನನ್ ಮತ್ತು ಅವನ ಜೊತೆಯವರು ಮಾತಿನಿಂದ ಸ್ವರವನ್ನೆಲ್ಲ ಕಿತ್ತು, ನಾಲ್ಕೇ ಪಟ್ಟಿಗಳ ಬರಿಯ ಸುಯ್ಗುಟ್ಟುವಿಕೆಯಾಗಿ ಮಾಡಿ, ಅದರ ಏರಿಳಿತವನ್ನು ಮಾತ್ರ ಉಳಿಸಿ ಕೇಳಿಸಿದರು. ಕೇಳಿದವರು ಸ್ವಲ್ಪ ಅಭ್ಯಾಸದ ಮೇಲೆ ಬಹುಮಟ್ಟಿಗೆ ಎಲ್ಲ ವಾಕ್ಯಗಳನ್ನೂ ತಿಳಿದುಕೊಂಡರು. ಹಾಗಾದರೆ ನಾಲ್ಕು ದಾರಿಗಳೇ ಸಾಕಲ್ಲ, ಎಂಟಿದ್ದರೆ ಇನ್ನೇನು ಕೊರತೆಯೆಂದು ಕೇಳಬಹುದು. ಆದರೆ ಆ ಕೋಣೆಯಲ್ಲಿ ಕುಳಿತಿದ್ದವರು ಯಾರು? ಚೆನ್ನಾದ ಕಿವಿಯಿಂದ ವರ್ಷಗಟ್ಟಲೆ ತಮ್ಮ ಭಾಷೆಯನ್ನು ಕೇಳಿ, ಆಡಿ, ಓದಿ ಬೆಳೆದ ದೊಡ್ಡವರು. ಹರಿದ ಓಲೆಯಲ್ಲಿ ಅರ್ಧ ಅಕ್ಷರಗಳು ಹುಳುತಿಂದು ಹೋಗಿದ್ದರೂ ವಿದ್ವಾಂಸನು ಪದ್ಯವನ್ನು ಓದಿಬಿಡುವನು. ಓಲೆಯಲ್ಲಿಲ್ಲದುದನ್ನು ಅವನು ತನ್ನ ತಲೆಯಿಂದ ತುಂಬುವನು. ಅದೇ ಓಲೆಯನ್ನು ಅಕ್ಷರವನ್ನೇ ಕಾಣದ ಕೂಸಿನ ಕೈಗೆ ಕೊಟ್ಟು ಓದೆಂದರೆ? ಹುಟ್ಟುಕಿವುಡಾದ ಮಗುವಿಗೆ ನಾವು ಕೊಟ್ಟಿರುವುದು ಇಂಥ ಹರಿದ ಓಲೆಯನ್ನು. ಅದರಲ್ಲಿಯೇ ಅದು ಅಕ್ಷರವನ್ನೂ ಕಲಿಯಬೇಕು, ಭಾಷೆಯನ್ನೂ ಕಲಿಯಬೇಕು. ಪೆಟ್ಟಿಗೆಯನ್ನು ಹಚ್ಚಿದ ದಿನ ಮಗುವು ಬೆಚ್ಚಿಬಿದ್ದುದನ್ನೋ ನಕ್ಕುದನ್ನೋ ಚಿತ್ರ ತೆಗೆದು "ಕಿವಿ ಬಂದಿತು" ಎಂದು ಪ್ರಕಟಿಸುವವರು, ಓಲೆಯನ್ನು ಕೈಗೆ ಕೊಟ್ಟುದನ್ನೇ ಪಾಂಡಿತ್ಯವೆನ್ನುತ್ತಿದ್ದಾರೆ. ಆ ದಿನ ಬಂದುದು ಸದ್ದು ಮಾತ್ರ. ಕೇಳುವುದೆಂಬುದು ಇನ್ನು ಮೇಲೆ ಹುಟ್ಟಬೇಕು. ಅದನ್ನು ಹುಟ್ಟಿಸುವವರು ಮನೆಯಲ್ಲಿದ್ದಾರೆ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಲ್ಲ.

ಇಲ್ಲಿಗೆ ಇಂಗ್ಲಿಷಿನ ಸಲಹೆಯು ಬರುವುದು. ಅಕ್ಷರಗಳು ಇಪ್ಪತ್ತಾರಾದರೆ ಭಾಷೆಯ ಧ್ವನಿಗಳೂ ಇಪ್ಪತ್ತಾರೆಂದು ತಿಳಿಯುವುದು ಶಾಲೆಯ ಹುಡುಗನಿಗಾದರೆ ಕ್ಷಮ್ಯ. ಐದು ಸ್ವರಾಕ್ಷರಗಳನ್ನಿಟ್ಟುಕೊಂಡು ಇಂಗ್ಲಿಷು ಸುಮಾರು ಇಪ್ಪತ್ತು ಸ್ವರಧ್ವನಿಗಳನ್ನು ನುಡಿಯುವುದು. ಅವುಗಳಲ್ಲಿ ಬಹುಪಾಲು ಒಂದರಿಂದೊಂದು ಬೇರೆಯಾಗುವುದು ಬಣ್ಣದಿಂದ, ಎಂದರೆ ಸ್ಥಾಯಿಗಳ ಹಂಚಿಕೆಯಿಂದ. ಯಂತ್ರವು ಸೋಲುವುದೂ ಅಲ್ಲಿಯೇ. ಕನ್ನಡದಲ್ಲಿಯಾದರೋ ಬಣ್ಣಗಳು ಮುಖ್ಯವಾಗಿ ಐದು. ಹ್ರಸ್ವ ದೀರ್ಘಗಳಿಂದ ಅವು ಹತ್ತಾಗುವುವು. ಹ್ರಸ್ವವೂ ದೀರ್ಘವೂ ಕಾಲದ ಭೇದಗಳು. ಕಾಲವನ್ನು ಯಂತ್ರವು ಚೆನ್ನಾಗಿ ಒಪ್ಪಿಸುವುದೆಂದು ಮೇಲೆಯೇ ಹೇಳಿದೆನಷ್ಟೆ. ಮರಕ್ಕೂ ಮಾರಕ್ಕೂ, ಕೆರೆಗೂ ಕೇರೆಗೂ ಇರುವ ಭೇದವು ಎಂಟು ದಾರಿಗಳಲ್ಲಿಯೂ ದಾಟಿಬರುವುದು. ದ್ವಿತ್ವವೂ ಹಾಗೆಯೇ, ಕತೆಯೆಂದರೆ ಕತೆ, ಕತ್ತೆಯೆಂದರೆ ಕತ್ತೆ.

ಕನ್ನಡವೇ ಯಂತ್ರಕ್ಕೆ ಎಲ್ಲಕ್ಕಿಂತ ಸುಲಭವಾದ ಭಾಷೆಯೆಂದು ನಾನು ಸಾರಲು ಹೊರಟಿಲ್ಲ. ಅಭಿಮಾನಕ್ಕೂ ಒಂದು ಮೇರೆಯುಂಟು. ನಾಲಗೆಯ ತುದಿಯು ಹಲ್ಲನ್ನು ಮುಟ್ಟಿತೋ ಅಂಗಳಕ್ಕೆ ಮಡಿಸಿತೋ ಎಂಬ ಸ್ಥಾನಭೇದವು ಈ ಯಂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು. ನಮ್ಮ ಭಾಷೆಯು ಅದನ್ನೇ ನಂಬಿ ಎಷ್ಟು ಮಾತುಗಳನ್ನು ಬೇರೆಮಾಡಿದೆ! ಅನ್ನ, ಅಣ್ಣ, ಮುತ್ತು, ಮುಟ್ಟು, ಹುಲಿ, ಹುಳಿ, ಬಲೆ, ಬಳೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದಾಗ ಈ ಳಕಾರದ ಬಗೆಗಳನ್ನೇ ಬೇರೆ ಬೇರೆಯಾಗಿ ಹಿಡಿದು, ಯಾವ ಮಾತಿನಲ್ಲಿ ಯಾವುದೆಂದು ಪಟ್ಟಿಮಾಡಬೇಕಾಯಿತು. ಒಳ್ಳೆಯ ಕಿವಿಯವರೇ ಅವನ್ನು ಕಲಸಿಬಿಡುವ ಕಾಲವು ಬಂದಿದ್ದಿತೆಂದು ತೋರುವುದು. ಅವುಗಳಲ್ಲಿ ಒಂದನ್ನು ನಾವು ಅಂದಿನಿಂದೀಚೆಗೆ ಕಳೆದುಕೊಂಡೂ ಇದ್ದೇವೆ. ಹಾಗಿರುವಾಗ ಯಂತ್ರದ ಕಿವಿಯ ಮಗುವು ಹುಳಿಯನ್ನು ಹುಲಿಯೆಂದರೆ ಗಾಬರಿಪಡಬೇಕಾದುದಿಲ್ಲ. ಸಾರಿನ ಪಾತ್ರೆಯ ಮುಂದೆ ನಿಂತು ಹುಲಿಯನ್ನು ಯಾರೂ ಬೇಡುವುದಿಲ್ಲ. ಸಂದರ್ಭವು ತುಂಬಿಕೊಡುವುದು, ವಾಕ್ಯವು ತುಂಬಿಕೊಡುವುದು. ಆದರೆ ಹಾಗೆ ತುಂಬಿಕೊಡಬೇಕಾದರೆ ಆ ಮಗುವಿನ ಸುತ್ತ ದಿನವೆಲ್ಲ ವಾಕ್ಯಗಳಿರಬೇಕು. ಅರಕಲಗೂಡು ಸೀಮೆಯ ಮನೆಯೊಂದರಲ್ಲಿ ಆ ವಾಕ್ಯಗಳು ಯಾವ ಭಾಷೆಯಲ್ಲಿ ಹುಟ್ಟುವುವು? ತಾಯಿಗೆ ಬರುವ ಇಂಗ್ಲಿಷು ಇನ್ನೂರು ಮುನ್ನೂರು ಮಾತಿನದು. ಅದರಲ್ಲಿ ಗದರಿಸಲೂ ಬಾರದು, ಮುದ್ದಿಸಲೂ ಬಾರದು. ಹರಿದ ಓಲೆಯನ್ನು ಕೊಟ್ಟುದಲ್ಲದೆ ಅದನ್ನು ಓದಿಸಬೇಕಾದ ಗುರುವಿನ ನಾಲಗೆಯನ್ನೂ ಕಟ್ಟಿಹಾಕಬೇಕೆ?

ನನ್ನ ಸ್ನೇಹಿತರ ಮನೆಯಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಸಂಗವು ನಡೆಯಿತು. ಹಿಂದೆ ಎಲ್ಲಿಯೋ ಒಂದು ಕಡೆ ಮಗುವಿಗೆ ಪಾಠಹೇಳುತ್ತಿದ್ದವರೊಬ್ಬರು, ಮನೆಯಲ್ಲಿ ಎಲ್ಲರೂ ಪುಸ್ತಕದ ಕನ್ನಡವನ್ನೇ ಆಡಬೇಕೆಂದು ಕಟ್ಟುಮಾಡಿದರು. ಮನೆಯ ಅಜ್ಜಿಯು ಹಾಲನ್ನು "ಆಲು" ಎನ್ನುವ ಕಾಲದವರು. ಮಗುವಿಗೆ ಕೆಡುಕಾದೀತೆಂದು ಹೆದರಿ ಅವರು ಆರು ತಿಂಗಳು ಮೊಮ್ಮಗಳೊಡನೆ ಮಾತನ್ನೇ ಬಿಟ್ಟರು. ಹಿಂದಿನಿಂದಲೂ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ದಿನಕ್ಕೆ ಎಲ್ಲರಿಗಿಂತ ಹೆಚ್ಚು ಮಾತನಾಡುತ್ತಿದ್ದವರು ಅವರೇ. ಆಮೇಲೆ ಇನ್ನೊಬ್ಬರು, ಮೈಸೂರಿನಲ್ಲಿ ಕಲಿತ ತರುಣಿ, ಇದನ್ನು ಕೇಳಿ ತಲೆಚಚ್ಚಿಕೊಂಡು, ಅಜ್ಜಿ ಹೇಗಾದರೂ ಆಡಲಿ, ಮೊದಲು ಆಡಲಿ ಎಂದು ಹೇಳಿಹೋದರು. ಆಲೋ ಹಾಲೋ, ಆ ಮಗುವಿನ ಬಾಯಿಂದ ಮೊದಲು ಸ್ಪಷ್ಟವಾಗಿ ಹೊರಟ ಮಾತುಗಳಲ್ಲಿ ಅದೊಂದು.

ಮೈಸೂರಿನ ಹೆಸರನ್ನೆತ್ತಿದುದರಿಂದ ಹೇಳಬೇಕು: ಈ ವಿಷಯದಲ್ಲಿ ನಮ್ಮ ಪ್ರಾಂತದವರ ಭಾಗ್ಯವು ಬೇರೆಯವರಿಗಿಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ೧೯೬೫ರಲ್ಲಿ ಸ್ಥಾಪಿತವಾಗಿ ಮಾನಸಗಂಗೋತ್ರಿಯಲ್ಲಿದೆ. ಅಲ್ಲಿಯ ವಿದ್ವಾಂಸರು ಕನ್ನಡದ ಧ್ವನಿಗಳು ಬಳಕೆಯಲ್ಲಿರುವ ಪ್ರಮಾಣಕ್ಕೆ ತಕ್ಕಂತೆ ಪದಗಳನ್ನು ಆರಿಸಿ, ಕೇಳುವ ಶಕ್ತಿಯನ್ನು ಅಳೆಯುವ ಪಟ್ಟಿಗಳನ್ನು ೨೦೦೫ರಲ್ಲಿ ಸಿದ್ಧಪಡಿಸಿದರು. ಮುಂದೆ ೨೦೧೪ರಲ್ಲಿ ವಾಕ್ಯಗಳ ಪಟ್ಟಿಗಳೂ ಪ್ರಕಟವಾದುವು. ಇದು ಚಿಲ್ಲರೆ ಕೆಲಸವಲ್ಲ. ಇಂಗ್ಲಿಷಿನ ಪಟ್ಟಿಯಿಂದ ಕನ್ನಡದ ಮಗುವನ್ನು ಪರೀಕ್ಷಿಸಿದರೆ ತಿಳಿಯುವುದು ಅದರ ಇಂಗ್ಲಿಷೇ ಹೊರತು ಕಿವಿಯಲ್ಲ. ಕಿವುಡು ಮಕ್ಕಳ ತಾಯಂದಿರನ್ನೇ ಮಕ್ಕಳೊಡನೆ ಕೂರಿಸಿಕೊಂಡು ಕಲಿಸುವ ಶಾಲೆಯೂ ಮೈಸೂರಿನಲ್ಲಿಯೇ ಉಂಟು. ತಾಯಿಯೇ ಗುರುವೆಂಬುದನ್ನು ಅಲ್ಲಿಯವರು ಈ ಯಂತ್ರವು ಹಳ್ಳಿಗೆ ಬರುವ ಮೊದಲೇ ಕಂಡುಕೊಂಡಿದ್ದರು.

ಈಗ ಆಲಸ್ಯದ ಮಾತು. ಮಹನೀಯರ ಮಾತುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸಿದುದು ಇದು. ಕಿವಿಗೆ ಸದ್ದು ಬೇಗ ಬಾರದಿದ್ದರೆ ಮಿದುಳಿನಲ್ಲಿ ಕೇಳುವುದಕ್ಕೆ ಮೀಸಲಾದ ಸ್ಥಳವು ಪಾಳುಬೀಳುವುದು, ಇಲ್ಲವೆ ಬೇರೆ ಕೆಲಸಕ್ಕೆ ಒಕ್ಕಲಾಗುವುದು. ಅನು ಶರ್ಮಾ ಎಂಬ ವಿದುಷಿಯೂ ಜೊತೆಯವರೂ ೨೦೦೨ರಲ್ಲಿ ಪ್ರಕಟಿಸಿದುದರಲ್ಲಿ, ಮೂರೂವರೆ ವರ್ಷದೊಳಗೆ ಯಂತ್ರವನ್ನಿಡಿಸಿಕೊಂಡ ಮಕ್ಕಳ ಮಿದುಳು ಸದ್ದಿಗೆ ವಯಸ್ಸಿಗೆ ತಕ್ಕಂತೆ ಉತ್ತರಿಸುವುದೆಂದೂ, ಏಳು ವರ್ಷ ದಾಟಿದ ಮೇಲೆ ಇಡಿಸಿಕೊಂಡವರಲ್ಲಿ ಹೆಚ್ಚು ಮಂದಿಯಲ್ಲಿ ಹಾಗಾಗುವುದಿಲ್ಲವೆಂದೂ ಕಂಡುಬಂದಿತು. ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಧಾರ, ಆರು ತಿಂಗಳೊಳಗೆ ಉಪಚಾರದ ಆರಂಭ, ಇದು ತಿಳಿದವರು ಒಪ್ಪಿರುವ ಲೆಕ್ಕ. ಮಲಗಿರುವ ಕೂಸಿನ ಕಿವಿಗೆ ಚಿಕ್ಕ ತುದಿಯೊಂದನ್ನಿಟ್ಟು ಕೆಲವು ನಿಮಿಷಗಳಲ್ಲಿ ಮುಗಿಸುವ ಪರೀಕ್ಷೆಯದು. ನನ್ನ ಸ್ನೇಹಿತರ ಮೊಮ್ಮಗಳಿಗೆ ಹುಟ್ಟಿದ ಕಡೆ ಅದು ನಡೆಯಲಿಲ್ಲ. ತಟ್ಟೆಯನ್ನು ಬಡಿದರೂ ತಿರುಗಿನೋಡುವುದಿಲ್ಲವೆಂದು ತಾಯಿಯು ಹೇಳಿದಾಗ ಮಗುವಿಗೆ ಒಂದು ವರ್ಷವೂ ತುಂಬಿರಲಿಲ್ಲ; ತಡವಾಗಿ ಮಾತು ಬರುವ ವಂಶವೆಂದು ಹಿರಿಯರೂ, ಎರಡು ವರ್ಷ ಕಾಯಿರೆಂದು ಪಟ್ಟಣದ ವೈದ್ಯರೊಬ್ಬರೂ ಹೇಳಿದರು. ಕಾದರು. ಆ ಎರಡು ವರ್ಷ ಯಾರ ಆಲಸ್ಯ? (ಸೋದರಮಾವನ ಸಂಬಂಧದ ಮದುವೆಗಳಿಂದ ಹುಟ್ಟುಕಿವುಡುತನವು ಹೆಚ್ಚುವುದೆಂಬುದು ತಿಳಿದ ವಿಷಯ, ಹಾಗೆ ಗಂಟುಹಾಕಿದ ಹಿರಿಯರು ಕೊನೆಗೆ ಸೊಸೆಯ ಕಡೆಗೆ ಬೆರಳುತೋರಿಸುವುದನ್ನೂ ನಾನು ಬೇರೆ ಮನೆಗಳಲ್ಲಿ ಕಂಡಿದ್ದೇನೆ.)

ಕೇಂದ್ರಸರ್ಕಾರದ ಯೋಜನೆಯು ೨೦೧೪ರಲ್ಲಿ ಒಂದೊಂದು ಯಂತ್ರಕ್ಕೂ ಆರು ಲಕ್ಷ ರೂಪಾಯಿಗಳವರೆಗೆ ಕೊಡುವುದೆಂದು ಗೊತ್ತುಮಾಡಿ, ವರ್ಷಕ್ಕೆ ಐನೂರು ಮಕ್ಕಳೆಂದು ಗುರಿಯಿಟ್ಟಿತು. ಶಸ್ತ್ರಚಿಕಿತ್ಸೆಯ ಮುಂದಿನ ಅಭ್ಯಾಸಕ್ಕೂ ಯೋಜನೆಯ ಕಾಗದದಲ್ಲಿ ಸ್ಥಳವುಂಟು, ಇಲ್ಲವೆಂದರೆ ಸುಳ್ಳಾಗುವುದು. ಆದರೆ ಆ ಅಭ್ಯಾಸವಿರುವ ಸ್ಥಳಕ್ಕೆ ರಾಮನಾಥಪುರದಿಂದ ಹೋಗಬೇಕಾದವರು ಯಾರು? ವಾರಕ್ಕೊಂದೆರಡು ದಿನ ಬೆಳಗಿನ ಬಸ್ಸಿಗೆ ಮಗುವನ್ನೆತ್ತಿಕೊಂಡು ಬೆಟ್ಟದಪುರದ ದಾರಿಯಾಗಿ ಮೈಸೂರಿಗೆ ಹೋಗಿ, ಮುಕ್ಕಾಲು ಗಂಟೆಯ ಪಾಠಕ್ಕಾಗಿ ದಿನವನ್ನೆಲ್ಲ ಕೊಟ್ಟು, ಕತ್ತಲಾದ ಮೇಲೆ ಹಿಂದಿರುಗಿ ಒಲೆ ಹಚ್ಚುವ ಹೆಂಗಸನ್ನು ಆಲಸ್ಯದವಳೆನ್ನುವ ಧೈರ್ಯವು ಜಗುಲಿಯ ಮೇಲೆ ಕುಳಿತವರಿಗೆ ಮಾತ್ರ ಬರುವುದು. ಈಕೆಯಾದರೋ ಉಳ್ಳವರ ಮನೆಯವರು. ಹ್ಯಾಪ್ಪು ತಂಬಾಕಿನ ಬ್ಯಾರನ್ನಿನಲ್ಲಿ ಕೂಲಿಮಾಡುವ ತಾಯಿಗೆ ಅಷ್ಟು ದಿನಗಳ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ಮೊದಲ ವರ್ಷಗಳು ಕಳೆದ ಮೇಲೆ ತುಂಡಾದ ತಂತಿ, ಸತ್ತ ಬ್ಯಾಟರಿ, ಬೆವರಿನಿಂದ ಕೆಟ್ಟ ಪೆಟ್ಟಿಗೆ, ಇವುಗಳ ಖರ್ಚು ಮನೆಯವರದೇ. ಪೆಟ್ಟಿಗೆಯು ಗೂಡಿನಲ್ಲಿ ಸುಮ್ಮನೆ ಬಿದ್ದಿದ್ದರೆ ಮಗುವು ಮೊದಲಿನಷ್ಟೇ ಕಿವುಡು. ವರದಿಯಲ್ಲಿ ಮಾತ್ರ ಅದು ಕೇಳುತ್ತಲೇ ಇರುವುದು.

ಆದುದರಿಂದ ನನ್ನ ವಾದವಿಷ್ಟು. ಇಟ್ಟ ಯಂತ್ರಗಳನ್ನು ಎಣಿಸುವುದನ್ನು ಬಿಟ್ಟು ಮಕ್ಕಳು ಆಡಿದ ಮಾತುಗಳನ್ನು ಎಣಿಸಬೇಕು. ಎರಡು ವರ್ಷಗಳ ತರುವಾಯ ಈ ಮಗುವು ಕನ್ನಡದ ಪಟ್ಟಿಯಲ್ಲಿ ಎಷ್ಟು ಪದಗಳನ್ನು ಗುರುತಿಸಿತು, ಮನೆಯಲ್ಲಿ ಎಷ್ಟು ವಾಕ್ಯಗಳನ್ನಾಡಿತು, ಇದು ಬರೆದಿರದ ವರದಿಯನ್ನು ವರದಿಯೆನ್ನಕೂಡದು. ಮೈಸೂರಿನ ಸಂಸ್ಥೆಯವರು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ, ನಮ್ಮ ಹೊಳೆನರಸೀಪುರದ ನೆರೆಯಲ್ಲಿ, ಹೊರಕೇಂದ್ರವೊಂದನ್ನು ತೆರೆದು ಇದು ಹಳ್ಳಿಯಲ್ಲಿಯೂ ಸಾಧ್ಯವೆಂದು ತೋರಿಸಿಕೊಟ್ಟಿದ್ದಾರೆ. ಹಾಸನದಲ್ಲಿ ಸರ್ಕಾರದ ವೈದ್ಯಕೀಯ ಕಾಲೇಜು ಇದೆ. ಅರಕಲಗೂಡಿನಲ್ಲಿ ವಾರಕ್ಕೆರಡು ದಿನ ಕುಳಿತು ಮಕ್ಕಳಿಗೂ ತಾಯಂದಿರಿಗೂ ಕಲಿಸುವ ಒಬ್ಬರನ್ನು ನೇಮಿಸಲು ಎಷ್ಟು ಹಣ ಬೇಕು? ಒಂದು ಯಂತ್ರದ ಬೆಲೆಯಲ್ಲಿ ಒಂದು ವರ್ಷವು ನಡೆಯದೇ? ನಮ್ಮ ಸಂಘವು ವರ್ಷಕ್ಕೊಂದು ಮನವಿಯನ್ನು ಯಾವುದಾದರೂ ವಿಷಯಕ್ಕೆ ಬರೆಯುವುದುಂಟು. ಈ ವರ್ಷ ಇದಕ್ಕೆ ಬರೆಯಲಿ. ಹೆರಿಗೆಯಾದ ಕಡೆಯಲ್ಲಿಯೇ ಪ್ರತಿಯೊಂದು ಕೂಸಿಗೂ ಆ ಕೆಲವು ನಿಮಿಷಗಳ ಪರೀಕ್ಷೆಯಾಗಲೆಂಬುದನ್ನೂ ಅದರಲ್ಲಿಯೇ ಸೇರಿಸಲಿ.

ಯಂತ್ರದಿಂದ ಪ್ರಯೋಜನವಾಗದ ಮಕ್ಕಳೂ ಇರುವರು. ಕೆಲವರಿಗೆ ನರವೇ ಇಲ್ಲ, ಕೆಲವರಿಗೆ ಕಾಲವು ಮೀರಿದೆ. ಅವರಿಗೆ ಕೈಸನ್ನೆಯ ಭಾಷೆಯುಂಟು. ಅದು ಭಾಷೆಯೇ, ಅಭಿನಯವಲ್ಲ. ಅದರ ವಿಷಯವನ್ನು ನನಗಿಂತ ಬಲ್ಲವರು ಬರೆಯಬೇಕು.

ಷಷ್ಠಿಯ ತೇರಿನ ದಿನ ಆ ಮಗುವನ್ನು ನಾನು ಸುಬ್ರಹ್ಮಣ್ಯನ ಗುಡಿಯ ಮುಂದೆ ಕಂಡಿದ್ದೆನು. ವಾಲಗ, ಪೀಪಿ, ಕಡಲೆಪುರಿಯವರ ಕೂಗು, ಧ್ವನಿವರ್ಧಕ, ಎಲ್ಲವೂ ಒಟ್ಟಿಗೆ. ನಮಗೆ ಒಳ್ಳೆಯ ಕಿವಿಯಿರುವುದರಿಂದ ಆ ಗಲಭೆಯಲ್ಲಿಯೂ ಪಕ್ಕದವರ ಮಾತನ್ನು ಹೆಕ್ಕಿಕೊಳ್ಳುವೆವು. ಎಂಟು ದಾರಿಗಳಲ್ಲಿ ಅದೆಲ್ಲ ಒಂದೇ ಸಲ ನುಗ್ಗಿದರೆ ಉಳಿಯುವುದು ಗದ್ದಲವೊಂದೇ. ಅವಳು ತಲೆಯ ಮೇಲಿನ ಬಿಲ್ಲೆಯನ್ನು ಕಿತ್ತು ತಾಯಿಯ ಕೈಗೆ ಕೊಟ್ಟುಬಿಟ್ಟಳು. ನೋಡಿದವರೊಬ್ಬರು, ಅಷ್ಟು ಹಣದ ಯಂತ್ರ, ಇವಳಿಗೆ ಬೆಲೆಯೇ ತಿಳಿಯದೆಂದರು. ಅವಳನ್ನು ಮೀನಿನ ಮಡುವಿನ ಕಡೆಗೆ ಕರೆದುಕೊಂಡುಹೋದರು. ಅಲ್ಲಿ ಜನರು ಕಡಿಮೆ. ಪುರಿಗೆ ದೊಡ್ಡ ಮೀನುಗಳು ಮೇಲೆದ್ದು ನೀರನ್ನು ಬಡಿದುವು. ಅವಳು ತಿರುಗಿ ಕೈಚಾಚಿದಳು. ಬಿಲ್ಲೆಯನ್ನು ತಾನೇ ತಲೆಗೆ ಹಚ್ಚಿಕೊಂಡು, ಅಜ್ಜಿಯ ಸೆರಗನ್ನೆಳೆದು, "ಮೀನು ಸದ್ದು" ಎಂದಳು.